ಅಳಿವೆಯ ಹಗೇವು

ಸಮುದ್ರಕ್ಕೆ ನಮ್ಮ ಹಳೆಯ ಕವಿಗಳು ಕೊಟ್ಟಿರುವ ಹೆಸರುಗಳಲ್ಲಿ ‘ಸರಿತ್ಪತಿ’ ಎಂಬುದೂ ಒಂದು. ನದಿಗಳೆಲ್ಲ ವಧುಗಳು, ಕಡಲೇ ವರ. ಬೆಟ್ಟವೆಂಬ ತವರಿನಿಂದ ಹೊರಟ ಮಗಳು ದಾರಿಯುದ್ದಕ್ಕೂ ಸಿಕ್ಕಿದುದನ್ನೆಲ್ಲ ಮಡಿಲಿಗೆ ತುಂಬಿಕೊಂಡು ಗಂಡನ ಮನೆಯನ್ನು ಸೇರುತ್ತಾಳೆ. ಕಲ್ಪನೆ ಸೊಗಸಾಗಿದೆ. ಆದರೆ ಆ ಮಡಿಲಿನ ಸಾಮಾನಿನಲ್ಲಿ ಒಳಮನೆಯನ್ನು ಮುಟ್ಟುವುದೆಷ್ಟು, ಹೊಸ್ತಿಲಲ್ಲಿಯೇ ಚೆಲ್ಲಿಹೋಗುವುದೆಷ್ಟು ಎಂಬುದನ್ನು ಕವಿಗಳು ವಿಚಾರಿಸಿದಂತಿಲ್ಲ. ಆ ಶ್ರಮ ವಿಜ್ಞಾನಿಗಳ ಪಾಲಿಗೆ ಬಂದಿತು. ಹೊಸ್ತಿಲಿಗೆ ಕನ್ನಡದಲ್ಲಿ ಅಳಿವೆಯೆಂದು ಹೆಸರು.

ಕುಮಟೆಯ ಹತ್ತಿರ ಅಘನಾಶಿನಿಯನ್ನೋ, ಮಂಗಳೂರಿನಲ್ಲಿ ನೇತ್ರಾವತಿಯನ್ನೋ ಕಂಡ ವಾಚಕರಿಗೆ ಅಳಿವೆಯೆಂದರೇನೆಂದು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಹೊಳೆ ಕಡಲನ್ನು ಮುಟ್ಟುವೆಡೆಯಲ್ಲಿ ಅಗಲವಾಗುತ್ತದೆ, ಅದರ ವೇಗ ಕುಗ್ಗುತ್ತದೆ. ಉಬ್ಬರದ ವೇಳೆಗೆ ಉಪ್ಪುನೀರು ಒಳನುಗ್ಗುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ಹೊಳೆ ಹೊತ್ತುತಂದ ನವುರಾದ ಮಣ್ಣಿನ ಕಣಗಳು ಸಿಹಿನೀರಿನಲ್ಲಿರುವವರೆಗೆ ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ಉಪ್ಪು ಸೋಕಿದೊಡನೆ ಜಗಳ ಮರೆತು ಒಂದಕ್ಕೊಂದು ಅಂಟಿಕೊಂಡು, ಗಂಟುಗಂಟಾಗಿ ತಳಕ್ಕೆ ಇಳಿಯುತ್ತವೆ. ಇಳಿತದ ಹೊತ್ತಿನಲ್ಲಿ ಹೊರಬೀಳುವ ಆ ಕರಿಯ ಕೆಸರು, ಕಾಲಿಟ್ಟರೆ ಮೊಣಕಾಲುದ್ದ ಹೂತುಹೋಗುವ, ಕೆದಕಿದರೆ ಕೊಳೆತ ಮೊಟ್ಟೆಯ ನಾತ ಬೀರುವ ಆ ಕೆಸರೇ ಈ ವಾರದ ನಮ್ಮ ವಿಷಯ. ಮೂಗು ಮುಚ್ಚಿಕೊಂಡ ವಾಚಕರು ಕೊಂಚ ತಾಳ್ಮೆ ವಹಿಸಬೇಕು. ಈ ನಾತಕ್ಕೂ ಕಥೆಯಲ್ಲಿ ಒಂದು ದೊಡ್ಡ ಪಾತ್ರವುಂಟು.

ಕೆಸರಿನಲ್ಲಿರುವ ಅನೇಕ ವಸ್ತುಗಳ ಪೈಕಿ ನಾವು ಬೆನ್ನು ಹತ್ತಬೇಕಾದುದು ಒಂದನ್ನು ಮಾತ್ರ. ಅದು ರಂಜಕ. ಫಾಸ್ಫರಸ್ ಎಂಬ ಅದರ ಗ್ರೀಕ್ ಹೆಸರಿಗೆ ‘ಬೆಳಕನ್ನು ಹೊತ್ತು ತರುವುದು’ ಎಂದರ್ಥ. ನಮ್ಮ ಪಠ್ಯಪುಸ್ತಕಗಳು ಇದನ್ನು ರಂಜಕವೆಂದು ಕರೆದವು. ಮನರಂಜಕ ಕಾದಂಬರಿಗಳ ನಡುವೆ ಈ ರಂಜಕವೆಲ್ಲಿಂದ ಬಂದಿತೆಂದು ಯಾರೂ ಗಾಬರಿಪಡಬೇಕಾಗಿಲ್ಲ. ೧೬೬೯ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿ, ಚಿನ್ನ ಸಿಕ್ಕೀತೆಂಬ ಆಸೆಯಿಂದ ಕೊಪ್ಪರಿಗೆಗಟ್ಟಲೆ ಮೂತ್ರವನ್ನು ಬತ್ತಿಸಿ ಕಾಯಿಸಿದಾಗ ದೊರೆತುದು ಚಿನ್ನವಲ್ಲ, ಕತ್ತಲಿನಲ್ಲಿ ಮಿನುಗುವ ಈ ವಸ್ತು. ಬ್ರಾಂಡನಿಗೆ ನಿರಾಶೆಯಾಗಿದ್ದೀತು. ಆದರೆ ಚಿನ್ನವಿಲ್ಲದೆ ಜೀವಿಗಳು ಬದುಕಬಲ್ಲವು. ರಂಜಕವಿಲ್ಲದೆ ಒಂದು ಹುಲ್ಲಿನ ಎಸಳೂ ಬದುಕಲಾರದು. ಬೆಳೆದ ಮನುಷ್ಯನೊಬ್ಬನ ಮೈಯಲ್ಲಿ ಸುಮಾರು ೭೦೦ ಗ್ರಾಂ ರಂಜಕವಿದೆ. ಅದರ ಬಹುಪಾಲು ಎಲುಬು ಹಲ್ಲುಗಳಲ್ಲಿ.

ಸಾರಜನಕಕ್ಕೂ ಇದಕ್ಕೂ ಒಂದು ದೊಡ್ಡ ಅಂತರವಿದೆ. ಸಾರಜನಕ ಗಾಳಿಯಲ್ಲಿ ಬೇಕಾದಷ್ಟು ತುಂಬಿಕೊಂಡಿದೆ. ನೀರಿನಿಂದ ಗಾಳಿಗೆ, ಗಾಳಿಯಿಂದ ಮಣ್ಣಿಗೆ ಅದು ಸುತ್ತಾಡುತ್ತಿರುತ್ತದೆ. ರಂಜಕಕ್ಕೆ ಆ ರೆಕ್ಕೆಗಳಿಲ್ಲ. ಬಂಡೆ ಸವೆದು ಮಣ್ಣಿಗೆ, ಮಣ್ಣಿನಿಂದ ಹೊಳೆಗೆ, ಹೊಳೆಯಿಂದ ಕಡಲಿನ ತಳಕ್ಕೆ ಹೋದ ರಂಜಕ ಮತ್ತೆ ಬಂಡೆಯಾಗಿ ಮೇಲೆದ್ದು ಬರಬೇಕಾದರೆ ಕೋಟ್ಯಂತರ ವರ್ಷಗಳೇ ಬೇಕು. ಆದುದರಿಂದ ದಾರಿಯಲ್ಲಿ ಅದು ಎಲ್ಲೆಲ್ಲಿ ತಂಗುತ್ತದೆ, ಎಷ್ಟು ಕಾಲ ತಂಗುತ್ತದೆ ಎಂಬುದು ಬಹು ಮುಖ್ಯವಾದ ಲೆಕ್ಕ. ಅಮೆರಿಕದ ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ವಿಜ್ಞಾನಿ ೧೯೩೪ರಲ್ಲಿ ಪ್ರಕಟಿಸಿದ ಶೋಧನೆಯಿಂದ ಬೆಳೆದು ಬಂದ ಸೂತ್ರವೊಂದುಂಟು: ಕಡಲಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳ ಮೈಯಲ್ಲಿ ರಂಜಕದ ಒಂದು ಪರಮಾಣುವಿಗೆ ಸಾರಜನಕದ್ದು ೧೬, ಇಂಗಾಲದ್ದು ೧೦೬. ಚಿಟಿಕೆ ರಂಜಕ ದೊರೆತರೆ ಅದರ ನೂರುಪಟ್ಟು ಹಸುರು ಹುಟ್ಟಿಕೊಳ್ಳಬಹುದೆಂದಾಯಿತು. ಅಡಿಗೆಗೆ ಉಪ್ಪಿದ್ದಂತೆ, ಬೇಕಾಗಿರುವುದು ಸ್ವಲ್ಪ. ಹೆಚ್ಚಾದರೆ ಊಟವೇ ಕೆಟ್ಟಿತು.

ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗೆ ತೋಡಿದ ಕುಳಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಬಾಯಿಯನ್ನು ಭದ್ರವಾಗಿ ಮುಚ್ಚಿ ಗಾಳಿಯಾಡದಂತೆ ಮಾಡಿದರೆ ಕಾಳು ವರ್ಷಗಟ್ಟಲೆ ಕೆಡದು. ತೆರೆದ ಕೂಡಲೇ ಇಳಿದವನು ಮಾತ್ರ ಉಸಿರುಕಟ್ಟಿ ಸಾಯುವ ಅಪಾಯವಿತ್ತು. ಅಳಿವೆಯ ಕೆಸರೂ ರಂಜಕದ ಒಂದು ಹಗೇವು. ಆದರೆ ಇದರ ರೀತಿ ತಲೆಕೆಳಗು. ಗಾಳಿಯಾಡುತ್ತಿರುವಷ್ಟು ಕಾಲ ಇಲ್ಲಿ ದಾಸ್ತಾನು ಭದ್ರ; ಗಾಳಿ ನಿಂತಿತೆಂದರೆ ಸೋರತೊಡಗುತ್ತದೆ.

ಇದರ ಗುಟ್ಟು ಕಬ್ಬಿಣದಲ್ಲಿದೆ. ಕೆಸರಿನ ಮೇಲುಗಡೆ ಕೆಲವೇ ಮಿಲಿಮೀಟರ್ ದಪ್ಪದ ಕಂದು ಪದರವೊಂದಿರುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಅಷ್ಟು ಆಳಕ್ಕೆ ಮಾತ್ರ ಇಳಿಯಬಲ್ಲುದು. ಆ ಪದರದಲ್ಲಿ ಕಬ್ಬಿಣ ತುಕ್ಕಿನ ರೂಪದಲ್ಲಿದೆ. ತುಕ್ಕಿಗೆ ರಂಜಕವನ್ನು ಅಪ್ಪಿ ಹಿಡಿಯುವ ಶಕ್ತಿ ಅಪಾರ. ನಮ್ಮ ಕರಾವಳಿಯ ಕೆಂಪು ಮುರಕಲ್ಲಿನ ಮಣ್ಣಿನಲ್ಲಿ ರೈತನು ಹಾಕಿದ ರಂಜಕದ ಗೊಬ್ಬರ ಗಿಡಕ್ಕೆ ಪೂರ್ತಿ ದಕ್ಕದೆ ಮಣ್ಣಿಗೇ ಅಂಟಿಕೊಳ್ಳುವುದೂ ಇದೇ ಗುಣದಿಂದ. ತಳದಿಂದ ಮೇಲಕ್ಕೆ ಏರಿಬರುವ ರಂಜಕವನ್ನೆಲ್ಲ ಈ ತೆಳ್ಳನೆಯ ತುಕ್ಕಿನ ಪದರ ಬಾಗಿಲಿನ ಕಾವಲುಗಾರನಂತೆ ತಡೆದು ನಿಲ್ಲಿಸುತ್ತದೆ.

ಆದರೆ ಬೇಸಗೆಯಲ್ಲಿ ನೀರು ಕಾಯ್ದು, ಗಾಳಿ ಬೀಸದೆ, ಸತ್ತ ಪಾಚಿ ತಳದಲ್ಲಿ ರಾಶಿಬಿದ್ದಾಗ ಏನಾಗುತ್ತದೆ? ಕೊಳೆಯಿಸುವ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನೆಲ್ಲ ಉಂಡು ಮುಗಿಸುತ್ತವೆ. ಅನಂತರ ಅವು ತುಕ್ಕಿನಲ್ಲಿರುವ ಆಮ್ಲಜನಕಕ್ಕೇ ಕೈಹಾಕುತ್ತವೆ. ತುಕ್ಕು ಕರಗುತ್ತದೆ, ಅದು ಹಿಡಿದುಕೊಂಡಿದ್ದ ರಂಜಕ ಕೈಜಾರಿ ಮೇಲಿನ ನೀರಿಗೆ ಸೇರುತ್ತದೆ. ಇಂಗ್ಲೆಂಡಿನ ಕ್ಲಿಫರ್ಡ್ ಮಾರ್ಟಿಮರ್ ೧೯೪೧ ಮತ್ತು ೧೯೪೨ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನಗಳಲ್ಲಿ ಇದನ್ನು ಅಲ್ಲಿಯ ಸರೋವರಗಳಲ್ಲಿ ಕಂಡು ವರ್ಣಿಸಿದರು. ಸರೋವರದಲ್ಲಾದರೋ ಇದು ಅಷ್ಟು ಅನಾಹುತವಲ್ಲ. ಮತ್ತೆ ಆಮ್ಲಜನಕ ಬಂದಾಗ ಕಬ್ಬಿಣ ಪುನಃ ತುಕ್ಕು ಹಿಡಿದು, ಬಿಟ್ಟುಕೊಟ್ಟ ರಂಜಕದ ಬಹುಪಾಲನ್ನು ತಬ್ಬಿಕೊಂಡು ತಳಕ್ಕೆ ಇಳಿಯುತ್ತದೆ.

ಅಳಿವೆಯಲ್ಲಿ ಹಾಗಾಗದು. ಇಲ್ಲಿಯೇ ಆ ಕೊಳೆತ ಮೊಟ್ಟೆಯ ನಾತ ಪ್ರವೇಶಿಸುವುದು. ಕಡಲಿನ ನೀರಿನಲ್ಲಿ ಅಡಿಗೆಯ ಉಪ್ಪಿನೊಡನೆ ಗಂಧಕದ ಲವಣವೂ ಲೀಟರಿಗೆ ಹೆಚ್ಚುಕಡಿಮೆ ಎರಡೂವರೆ ಗ್ರಾಮಿಗೂ ಮೇಲ್ಪಟ್ಟು ಇದೆ. ಸಿಹಿನೀರಿನಲ್ಲಿ ಅದರ ಅಂಶ ಅತ್ಯಲ್ಪ. ಆಮ್ಲಜನಕ ತೀರಿಹೋದ ಕೆಸರಿನಲ್ಲಿ ಒಂದು ಜಾತಿಯ ಸೂಕ್ಷ್ಮಜೀವಿಗಳು ಈ ಗಂಧಕದ ಲವಣವನ್ನು ಬಳಸಿಕೊಂಡೇ ಬದುಕುತ್ತವೆ. ಅವು ಹೊರಬಿಡುವ ಅನಿಲವೇ ಆ ದುರ್ವಾಸನೆಯದು. ಅದು ಕಬ್ಬಿಣವನ್ನು ಕಂಡಲ್ಲಿ ಹಿಡಿದು ಕರಿಯ ಸಲ್ಫೈಡನ್ನಾಗಿ ಮಾಡಿಬಿಡುತ್ತದೆ. ಕೆಸರಿನ ಕಪ್ಪು ಬಣ್ಣ ಬಂದುದು ಬಹುಮಟ್ಟಿಗೆ ಅದರಿಂದಲೇ. ಹಾಗೆ ಗಂಧಕದ ಸೆರೆಗೆ ಬಿದ್ದ ಕಬ್ಬಿಣ ಸುಲಭವಾಗಿ ಹಿಂದಿರುಗದು. ಕಾವಲುಗಾರನನ್ನೇ ಕಟ್ಟಿಹಾಕಿದ ಮೇಲೆ ಕಣಜಕ್ಕೆ ಭದ್ರತೆಯೆಲ್ಲಿಯದು? ಸಿಹಿನೀರಿನ ತಳಕ್ಕಿಂತ ಉಪ್ಪುನೀರಿನ ತಳ ರಂಜಕವನ್ನು ಸಡಿಲವಾಗಿ ಹಿಡಿದಿಡುವುದಕ್ಕೆ ಇದು ಮುಖ್ಯ ಕಾರಣವೆಂದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಪಂಡಿತರು ತೋರಿಸಿಕೊಟ್ಟರು.

ಎಲ್ಲ ರಂಜಕವೂ ಹೀಗೆ ಓಡಿಹೋಗುವುದೆಂದಲ್ಲ. ಸ್ವಲ್ಪ ಭಾಗ ಸುಣ್ಣದೊಡನೆ ಕೂಡಿ ಅಪಟೈಟ್ ಎಂಬ ಖನಿಜವಾಗಿ ಶಾಶ್ವತವಾಗಿ ಹೂತುಹೋಗುತ್ತದೆ. ಅಪಟೈಟ್ ಎಂದರೆ ಗ್ರೀಕ್ ಭಾಷೆಯಲ್ಲಿ ವಂಚಕ; ಬೇರೆ ರತ್ನಗಳೆಂದು ಜನ ಮೋಸಹೋಗುತ್ತಿದ್ದುದರಿಂದ ಈ ಹೆಸರು. ನಮ್ಮ ಹಲ್ಲುಗಳೂ ಅದೇ ವಂಚಕನ ವಂಶದವು. ಇನ್ನು ಕೆಸರಿನಲ್ಲಿ ಬಿಲ ತೋಡುವ ಹುಳು, ಏಡಿ, ಚಿಪ್ಪಿನ ಪ್ರಾಣಿಗಳ ಉಪಕಾರವನ್ನೂ ಮರೆಯುವಂತಿಲ್ಲ. ಅವುಗಳ ಬಿಲಗಳೆಲ್ಲ ಆಮ್ಲಜನಕ ಒಳಗಿಳಿಯುವ ಗವಾಕ್ಷಿಗಳು. ಪ್ರತಿಯೊಂದು ಬಿಲದ ಗೋಡೆಗೂ ತುಕ್ಕಿನ ಲೇಪ. ಬಾಲ್ಟಿಕ್ ಸಮುದ್ರಕ್ಕೆ ೧೯೮೦ರ ದಶಕದಲ್ಲಿ ಉತ್ತರ ಅಮೆರಿಕದಿಂದ ಕರೆಯದೆ ಬಂದ ಒಂದು ಬಗೆಯ ಹುಳು, ಆಳವಾಗಿ ಬಿಲ ತೋಡಿ, ಸ್ಟಾಕ್‌ಹೋಮಿನ ಸಮೀಪದ ದ್ವೀಪಗಳ ನಡುವಣ ತಳಕ್ಕೆ ರಂಜಕವನ್ನು ಹಿಡಿದಿಡಲು ನೆರವಾಗಿರಬಹುದೆಂದು ಅಲ್ಲಿಯ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಕರೆಯದೆ ಬಂದ ಅತಿಥಿಗಳಲ್ಲಿ ಇಂಥವರು ಅಪರೂಪ.

ಕೆಸರು ಕೊಡುವುದನ್ನೂ ಕೊಳ್ಳುವುದನ್ನೂ ಸ್ಪಷ್ಟವಾಗಿ ಅಳೆದವರಲ್ಲಿ ಅಮೆರಿಕದ ಲಾರೆನ್ಸ್ ಪಾಮರಾಯ್ ಮತ್ತು ಅವರ ಸಂಗಡಿಗರು ಪ್ರಮುಖರು. ಜಾರ್ಜಿಯ ಸಂಸ್ಥಾನದ ಕಡಲ ತೀರದ ಅಳಿವೆಯೊಂದರ ಕೆಸರನ್ನು ಪರೀಕ್ಷಿಸಿ ಅವರು ೧೯೬೫ರಲ್ಲಿ ವಿಷಯವನ್ನು ಪ್ರಕಟಿಸಿದರು. ನೀರಿನಲ್ಲಿ ರಂಜಕ ಕಡಿಮೆಯಾದರೆ ಕೆಸರು ಬಿಟ್ಟುಕೊಡುತ್ತದೆ, ಹೆಚ್ಚಾದರೆ ಹೀರಿಕೊಳ್ಳುತ್ತದೆ. ಕೊನೆಗೆ ನೀರಿನಲ್ಲಿ ನಿಲ್ಲುವುದು ಲೀಟರಿಗೆ ಸುಮಾರು ೩೦ ಮೈಕ್ರೊಗ್ರಾಂ. ಜಾಣ ಗೃಹಿಣಿ ತಿಂಗಳ ಖರ್ಚನ್ನು ಸರಿದೂಗಿಸುವಂತೆಯೇ ಇದು. ಆದರೆ ಈ ಮಾತಿನಲ್ಲಿ ಒಂದು ಕಹಿಯೂ ಅಡಗಿದೆ. ವರ್ಷಾನುಗಟ್ಟಲೆ ಕೆಸರಿಗೆ ಉಣಿಸಿದ ಮೇಲೆ ಒಂದು ದಿನ ನಾವು ಹೊಳೆಯನ್ನು ಶುದ್ಧಮಾಡಿದೆವೆಂದಿಟ್ಟುಕೊಳ್ಳಿ. ನೀರು ತಿಳಿಯಾದ ಕೂಡಲೇ ಕೆಸರು ತನ್ನ ದಾಸ್ತಾನಿನಿಂದ ತೆಗೆದು ತುಂಬಿಕೊಡಲಾರಂಭಿಸುತ್ತದೆ!

ಈ ಕಹಿಯನ್ನು ಒಂದು ಊರಿನ ಜನ ಉಂಡ ಕಥೆ ಪಶ್ಚಿಮ ಆಸ್ಟ್ರೇಲಿಯದ್ದು. ಪರ್ತ್ ನಗರದಿಂದ ದಕ್ಷಿಣಕ್ಕೆ ಸುಮಾರು ೭೫ ಕಿಲೋಮೀಟರ್ ದೂರದಲ್ಲಿ ಮ್ಯಾಂಡುರಾ ಎಂಬ ಊರಿದೆ. ಅದರ ಬೆನ್ನಿಗೇ ಪೀಲ್ ಮತ್ತು ಹಾರ್ವಿ ಎಂಬ ಒಂದಕ್ಕೊಂದು ಕೂಡಿಕೊಂಡ ಅಳಿವೆಗಳು. ಎರಡರ ಹರಹು ಸುಮಾರು ೧೩೦ ಚದರ ಕಿಲೋಮೀಟರ್. ಹರಹಿಗೆ ತಕ್ಕ ಆಳ ಮಾತ್ರ ಇಲ್ಲ. ಬಹುಭಾಗದಲ್ಲಿ ಎರಡು ಮೀಟರಿಗಿಂತ ಕಡಿಮೆ. ಮರ್ರೇ, ಸರ್ಪೆಂಟೈನ್, ಹಾರ್ವಿ ಎಂಬ ಮೂರು ಹೊಳೆಗಳು ಬಂದು ಬೀಳುತ್ತವೆ. ಕಡಲಿಗೆ ಹೋಗಲು ೧೯೯೪ರವರೆಗೆ ಇದ್ದುದು ಮ್ಯಾಂಡುರಾದ ಬಳಿಯ ಇಕ್ಕಟ್ಟಾದ ಕಾಲುವೆಯೊಂದೇ. ಮೀನು, ಏಡಿ, ಹಂಸಪಕ್ಷಿಗಳಿಗೆ ಹೆಸರಾದ ಜಾಗ.

ಹೊಳೆಗಳು ಹಾದುಬರುವ ಕರಾವಳಿಯ ಬಯಲು ಬಿಳಿ ಮರಳಿನದು. ರಂಜಕವಿಲ್ಲದ ಬಡ ನೆಲ. ಸೂಪರ್ ಫಾಸ್ಫೇಟ್ ಗೊಬ್ಬರ ಹಾಕದಿದ್ದರೆ ಅಲ್ಲಿ ಹುಲ್ಲುಗಾವಲು ಬೆಳೆಯದು, ದನಗಳಿಗೆ ಮೇವಿಲ್ಲ. ಬಂಡೆಯ ರಂಜಕವನ್ನು ಗಂಧಕಾಮ್ಲದಲ್ಲಿ ಕರಗಿಸಿ ಈ ಗೊಬ್ಬರವನ್ನು ಮಾಡುವ ವಿಧಾನಕ್ಕೆ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ೧೮೪೨ರಲ್ಲಿಯೇ ಸನ್ನದು ಪಡೆದಿದ್ದರು. ಆಸ್ಟ್ರೇಲಿಯಕ್ಕೆ ಬೇಕಾದ ಬಂಡೆ ಇಪ್ಪತ್ತನೆಯ ಶತಮಾನದಲ್ಲಿ ಬಹುಮಟ್ಟಿಗೆ ನೌರು, ಕ್ರಿಸ್ಮಸ್ ಮೊದಲಾದ ದ್ವೀಪಗಳಿಂದ ಬರುತ್ತಿತ್ತು. ಅಗೆದು ಅಗೆದು ನೌರು ದ್ವೀಪದ ಒಳನಾಡೆಲ್ಲ ಸುಣ್ಣಗಲ್ಲಿನ ಮೊನೆಗಳ ಕಾಡಾಗಿ ಉಳಿಯಿತು. ಆ ಪುಟ್ಟ ರಾಷ್ಟ್ರ ೧೯೮೯ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಆಸ್ಟ್ರೇಲಿಯದ ಮೇಲೆ ದಾವೆ ಹೂಡಿತು, ೧೯೯೩ರಲ್ಲಿ ರಾಜಿಯಾಯಿತು. ಒಂದು ದ್ವೀಪದ ಹೊಟ್ಟೆ ಬಗೆದು ತೆಗೆದುದು ಸಾವಿರಾರು ಮೈಲಿಗಳಾಚೆ ಅಳಿವೆಗಳ ಕೆಸರಿನಲ್ಲಿ ಹೋಗಿ ಕುಳಿತದ್ದು ವಿಚಿತ್ರವೇ ಸರಿ.

ಹೇಗೆ ಕುಳಿತಿತೆಂದರೆ: ಬಿಳಿ ಮರಳಿನಲ್ಲಿ ಕಬ್ಬಿಣವಿಲ್ಲ. ನಮ್ಮ ಮುರಕಲ್ಲಿನ ಮಣ್ಣು ಗೊಬ್ಬರವನ್ನು ಬಿಡಲೊಲ್ಲದ ಜಿಪುಣನಾದರೆ, ಅಲ್ಲಿಯ ಮರಳು ಕೈಯಲ್ಲಿ ಕಾಸು ನಿಲ್ಲದ ದುಂದುಗಾರ. ನಮ್ಮಲ್ಲಿ ಮುಂಗಾರು ಸುರಿಯುವ ತಿಂಗಳುಗಳಲ್ಲಿಯೇ ಅಲ್ಲಿಯೂ ಮಳೆ. ಆದರೆ ಅದು ಅವರ ಚಳಿಗಾಲ. ಮಳೆನೀರು ಮರಳಿನೊಳಗಿನ ಗೊಬ್ಬರವನ್ನು ತೊಳೆದುಕೊಂಡು, ಹೊಲಗಳ ನೀರು ಬಸಿಯಲೆಂದು ತೋಡಿದ ಕಾಲುವೆಗಳ ಮೂಲಕ ನೇರವಾಗಿ ಅಳಿವೆಗೆ ತಂದು ಸುರಿಯಿತು. ೧೯೬೦ರ ದಶಕದ ಕೊನೆಯ ಹೊತ್ತಿಗೆ ಪೀಲ್ ಭಾಗದಲ್ಲಿ ಎಳೆಎಳೆಯಾದ ಹಸುರು ಪಾಚಿ ಕೊಬ್ಬಿ ಬೆಳೆದು ದಡಕ್ಕೆ ಬಂದು ಬಿದ್ದು ಕೊಳೆಯತೊಡಗಿತು. ಯಂತ್ರಗಳಿಂದ ಅದನ್ನು ಬಾಚಿ ತೆಗೆಯಬೇಕಾಯಿತು. ೧೯೭೦ರ ದಶಕದ ಕೊನೆಗೆ ಹಾರ್ವಿ ಭಾಗದಲ್ಲಿ ಇನ್ನೂ ಕೆಟ್ಟದೊಂದು ಬಂದಿತು: ನಾಡ್ಯುಲೇರಿಯ ಎಂಬ ನೀಲಿಹಸುರು ಸೂಕ್ಷ್ಮಜೀವಿ. ವಸಂತ ಕಳೆದು ಬೇಸಗೆ ಬರುವ ಹೊತ್ತಿಗೆ ಅಳಿವೆಯ ನೀರು ಹಸುರು ಬಣ್ಣ ಕದಡಿದಂತಾಗಿ, ದಂಡೆಯ ಮನೆಗಳಿಗೆ ನಾತ ಹೊಡೆಯುತ್ತಿತ್ತು. ಆ ಜೀವಿ ವಿಷಕಾರಿಯೂ ಹೌದು.

೧೯೭೬ರಿಂದ ೧೯೮೦ರವರೆಗೆ ಅರ್ನೆಸ್ಟ್ ಹಾಡ್ಜ್‌ಕಿನ್ ಮೊದಲಾದ ವಿಜ್ಞಾನಿಗಳು ಇದರ ಮೂಲವನ್ನು ಹುಡುಕಿದರು. ಅವರನ್ನು ಕಾಡಿದ ಒಗಟು ಇದು: ರಂಜಕ ಬರುವುದು ಚಳಿಗಾಲದ ಪ್ರವಾಹದೊಡನೆ, ಪಾಚಿ ಏಳುವುದು ಪ್ರವಾಹ ಇಳಿದು ತಿಂಗಳುಗಳಾದ ಮೇಲೆ. ನಡುವಣ ಕಾಲದಲ್ಲಿ ರಂಜಕ ಎಲ್ಲಿ ಅಡಗಿತ್ತು? ಆ ಅಧ್ಯಯನವೂ ಅದರ ಬೆನ್ನಿಗೆ ನಡೆದ ಸಂಶೋಧನೆಗಳೂ ಕೊಟ್ಟ ಉತ್ತರ, ವಾಚಕರು ಈಗಾಗಲೇ ಊಹಿಸಿರುವಂತೆ, ಕೆಸರಿನಲ್ಲಿತ್ತು. ಚಳಿಗಾಲದಲ್ಲಿ ಡಯಾಟಮ್ ಎಂಬ ಗಾಜಿನ ಕವಚದ ಸೂಕ್ಷ್ಮ ಸಸ್ಯಗಳು ಹೊಳೆ ತಂದ ರಂಜಕವನ್ನು ಉಂಡು ಬೆಳೆದು, ಸತ್ತು, ತಳಕ್ಕೆ ಇಳಿಯುತ್ತಿದ್ದವು. ಬಿಸಿಲು ಏರಿದಾಗ ಅವು ಕೊಳೆತು ತಳದ ಆಮ್ಲಜನಕವನ್ನು ತೀರಿಸುತ್ತಿದ್ದವು. ಹಗೇವು ಬಾಯ್ದೆರೆಯುತ್ತಿತ್ತು. ಕಾದು ಕುಳಿತಿದ್ದ ನಾಡ್ಯುಲೇರಿಯಕ್ಕೆ ಸಾರಜನಕದ ಹಂಗಿಲ್ಲ, ಗಾಳಿಯಿಂದಲೇ ಅದನ್ನು ಪಡೆಯಬಲ್ಲುದು, ರಂಜಕ ಕೆಳಗಿನಿಂದ ಬಂದಿತು, ಇನ್ನೇನು ಬೇಕು? ಅದು ಸತ್ತು ಮತ್ತೆ ತಳಕ್ಕಿಳಿದು, ಮುಂದಿನ ವರ್ಷಕ್ಕೆ ಬಂಡವಾಳವಾಗುತ್ತಿತ್ತು.

ಇಂಥ ಸಂದರ್ಭದಲ್ಲಿ ತಪ್ಪು ಯಾರದೆಂಬ ಪ್ರಶ್ನೆ ಏಳುವುದು ಸಹಜ. ರೈತನ ಮೇಲೆ ಬೆರಳು ತೋರಿಸುವುದು ಬಹು ಸುಲಭ. ನನಗೆ ಅದು ನ್ಯಾಯವಾಗಿ ತೋರುವುದಿಲ್ಲ. ಗೊಬ್ಬರ ಹಾಕೆಂದು ಅವನಿಗೆ ಹೇಳಿದವರು ತಿಳಿದವರೇ. ಸರ್ಕಾರ ಸಹಾಯಧನ ಕೊಟ್ಟು ಪ್ರೋತ್ಸಾಹಿಸಿದ ಕಾಲವೂ ಇತ್ತು. ಮಣ್ಣನ್ನು ಪರೀಕ್ಷಿಸಿ ನೋಡಿದಾಗ ಎಷ್ಟೋ ಹೊಲಗಳಲ್ಲಿ ರಂಜಕ ಸಾಕಷ್ಟು ಶೇಖರವಾಗಿದೆಯೆಂದೂ, ಸೂಪರ್ ಫಾಸ್ಫೇಟಿನಿಂದ ಹುಲ್ಲಿಗೆ ಆಗುತ್ತಿದ್ದ ಲಾಭ ಅದರಲ್ಲಿದ್ದ ಗಂಧಕದಿಂದಲೆಂದೂ ಕಂಡುಬಂದಿತು. ನಿಧಾನವಾಗಿ ಕರಗುವ ಗೊಬ್ಬರವನ್ನು ಬಳಕೆಗೆ ತಂದರು. ಸಮೀಪದ ಬೆಟ್ಟಗಳ ಬಾಕ್ಸೈಟ್ ಅದಿರಿನಿಂದ ಅಲ್ಯುಮಿನವನ್ನು ತೆಗೆದ ಮೇಲೆ ಉಳಿಯುವ ಕೆಂಪು ಮಡ್ಡಿಯನ್ನು ಮರಳಿಗೆ ಬೆರೆಸಿಯೂ ನೋಡಿದರು; ಅದರಲ್ಲಿ ಕಬ್ಬಿಣ ಹೇರಳವಾಗಿದ್ದುದರಿಂದ ರಂಜಕದ ಸೋರಿಕೆ ತಗ್ಗಿತು. ಆದರೆ ಕಾರ್ಖಾನೆಯ ಕಸವನ್ನು ದನ ಮೇಯುವ ನೆಲಕ್ಕೆ ಹಾಕಬಹುದೇ ಎಂಬ ಆಕ್ಷೇಪಣೆಯೂ ಎದ್ದಿತು.

ಮಣ್ಣು ಸುಧಾರಿಸುವವರೆಗೆ ಕಾಯಲು ಅಳಿವೆಗೆ ವ್ಯವಧಾನವಿರಲಿಲ್ಲ. ಕೊನೆಗೆ ಕಡಲಿಗೂ ಅಳಿವೆಗೂ ನಡುವಣ ದಿಣ್ಣೆಯನ್ನು ಸೀಳಿ ಡಾಸ್‌ವಿಲ್ ಎಂಬಲ್ಲಿ ಹೊಸ ಕಾಲುವೆಯನ್ನೇ ಕಡಿದರು. ಎರಡೂವರೆ ಕಿಲೋಮೀಟರ್ ಉದ್ದ, ೨೦೦ ಮೀಟರ್ ಅಗಲ. ಏಪ್ರಿಲ್ ೧೯೯೪ರಲ್ಲಿ ಅದು ತೆರೆಯಿತು. ಕೆಸರಿನಿಂದ ಎದ್ದುಬರುವ ರಂಜಕವನ್ನು ತಡೆಯಲಾಗದಿದ್ದರೆ ಅದನ್ನು ಉಬ್ಬರ ಇಳಿತಗಳಿಂದ ಕಡಲಿಗೆ ಗುಡಿಸಿಹಾಕುವುದು, ಮತ್ತು ನೀರನ್ನು ನಾಡ್ಯುಲೇರಿಯ ಬದುಕಲಾರದಷ್ಟು ಉಪ್ಪಾಗಿಸುವುದು ಇದರ ಉದ್ದೇಶ. ಉಪಾಯ ಫಲಿಸಿತು. ಅಳಿವೆಯ ವಿಶಾಲ ಭಾಗದಲ್ಲಿ ನಾಡ್ಯುಲೇರಿಯದ ಹಾವಳಿ ನಿಂತೇ ಹೋಯಿತು, ನೀರು ತಿಳಿಯಾಯಿತು. ಜೊತೆಗೆ ಬೇಡದ ಬಳುವಳಿಯೂ ಬಂದಿತು. ಹೆಚ್ಚಿದ ಉಬ್ಬರ ಸುತ್ತಣ ಜೌಗು ನೆಲಗಳನ್ನು ತೋಯಿಸಿ, ಉಪ್ಪುನೀರಿನಲ್ಲಿ ಹುಟ್ಟುವ ಸೊಳ್ಳೆಗಳಿಗೆ ಅನುಕೂಲ ಮಾಡಿಕೊಟ್ಟಿತು.

ಹಗೇವು ಬರಿದಾಯಿತೇ ಎಂದರೆ, ಇಲ್ಲ. ಪೀಲ್ ಹಾರ್ವಿ ಅಳಿವೆಯ ತಳದಲ್ಲಿ ಇಂದಿಗೂ ಕಬ್ಬಿಣದ ಸಲ್ಫೈಡಿನಿಂದ ಕೂಡಿದ ಕರಿಯ ಲೋಳೆಗೆಸರು ಇದೆ. ಹೊಳೆಗಳ ಕೊನೆಯ ಭಾಗಗಳಲ್ಲಂತೂ ಹಳೆಯ ರೋಗ ವಾಸಿಯಾಗಿಯೇ ಇಲ್ಲ. ಆ ಪ್ರದೇಶದಲ್ಲಿ ೧೯೭೦ರ ದಶಕದಿಂದೀಚೆಗೆ ಮಳೆ ಇಳಿಮುಖವಾಗಿದೆ. ಹೊಳೆಗಳಲ್ಲಿ ಹರಿವು ಕುಗ್ಗಿದಂತೆ ಬರುವ ಗೊಬ್ಬರದ ಪ್ರಮಾಣ ತಗ್ಗಿದರೂ, ಬಂದುದನ್ನು ಮುಂದಕ್ಕೆ ನೂಕುವ ಬಲವೂ ತಗ್ಗಿತು. ಸರ್ಪೆಂಟೈನ್ ಮತ್ತು ಮರ್ರೇ ಹೊಳೆಗಳ ಕೆಳಭಾಗದಲ್ಲಿ ತಿಳಿಯಾದ ಸಿಹಿನೀರು ಮೇಲೆ, ಭಾರವಾದ ಉಪ್ಪುನೀರು ಕೆಳಗೆ ಎರಡು ಪದರಗಳಾಗಿ ನಿಲ್ಲುತ್ತವೆ. ಕೆಳಗಿನ ಪದರದಲ್ಲಿ ಆಮ್ಲಜನಕ ತೀರಿಹೋಗುತ್ತದೆ, ಪಾಚಿ ಏಳುತ್ತದೆ, ಮೀನುಗಳು ಸತ್ತು ತೇಲಿದ ವರ್ಷಗಳೂ ಉಂಟು. ಡಾಸ್‌ವಿಲ್ ಕಾಲುವೆಯ ಉಬ್ಬರ ಅಲ್ಲಿಯವರೆಗೆ ತಲುಪುವ ಹೊತ್ತಿಗೆ ಸೊರಗಿಹೋಗಿರುತ್ತದೆ. ಅಜ್ಜಂದಿರ ಕಾಲದಲ್ಲಿ ಹಾಕಿದ ಗೊಬ್ಬರ ಮಾತ್ರ ಮರಳಿನ ಹೊಲಗಳಿಂದ ಪ್ರತಿ ಮಳೆಗಾಲದಲ್ಲಿಯೂ ಕಾಲುವೆಗಳ ದಾರಿ ಹಿಡಿದು ಇಳಿದು ಬರುತ್ತಲೇ ಇದೆ.